ನೂಲು, ಗಂಟು, ಕದಿರು: ಕೊಪ್ಪಳ ಸೀಮೆಯ ಜನಪದ ನಂಬಿಕೆಗಳಲ್ಲಿ

ನೂಲನ್ನು ಹೊಸೆಯುವುದು, ಸುತ್ತುವುದು, ಗಂಟು ಹಾಕುವುದು, ಬಿಚ್ಚುವುದು, ಹರಿಯುವುದು: ಈ ಕ್ರಿಯೆಗಳಿಗೆ ಕಾಯುವ, ಕಟ್ಟಿಹಾಕುವ, ಬಿಡುಗಡೆ ಮಾಡುವ ಶಕ್ತಿಯಿದೆ ಎಂಬ ನಂಬಿಕೆ ಲೋಕದ ಹಲವು ಜನಪದ ಸಂಸ್ಕೃತಿಗಳಲ್ಲಿದೆ. ಕರ್ನಾಟಕದಲ್ಲಿ ಅದು ಇಂದಿಗೂ ದಿನಬಳಕೆಯ ಆಚರಣೆಯಾಗಿ ಉಳಿದಿರುವ ಪ್ರದೇಶಗಳಲ್ಲಿ ಕೊಪ್ಪಳ ಸೀಮೆ ಒಂದು. 1997ರಲ್ಲಿ ರಾಯಚೂರಿನಿಂದ ಬೇರೆಯಾದ ಈ ಜಿಲ್ಲೆಯ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗಗಳಲ್ಲಿ ನೂಲಿನೊಂದಿಗೆ ಬದುಕಿದ ಮೂರು ಬಗೆಯ ಜನರಿದ್ದಾರೆ. ಎರಿ ಹೊಲದಲ್ಲಿ ಹತ್ತಿ ಬೆಳೆದ ರೈತರು, ಕುರಿಯ ಉಣ್ಣೆ ನೂತು ಕಂಬಳಿ ನೇಯ್ದ ಕುರುಬರು, ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ಹಾಗೂ ಇಳಕಲ್ಲಿಗೆ ಹತ್ತಿರದ ದೋಟಿಹಾಳ, ಹನುಮಸಾಗರಗಳಲ್ಲಿ ಮಗ್ಗ ಹೂಡಿದ ನೇಕಾರರು. ಹಿಂದೆ ಗಂಗಾವತಿಗೆ ಸೇರಿದ್ದು ಈಗ ಕಾರಟಗಿ ತಾಲ್ಲೂಕಿನಲ್ಲಿರುವ ಸಿದ್ದಾಪುರದಂಥ ಊರುಗಳಲ್ಲಿ, ತುಂಗಭದ್ರಾ ಎಡದಂಡೆ ಕಾಲುವೆ ಬಂದ ಮೇಲೆ ಒಣಬೇಸಾಯದ ನೆಲವೆಲ್ಲ ಭತ್ತದ ಗದ್ದೆಯಾಯಿತು. ಬೆಳೆ ಬದಲಾದರೂ ಹುಟ್ಟು, ಮದುವೆ, ಹಬ್ಬ, ಹರಕೆಗಳಲ್ಲಿ ನೂಲಿನ ಸ್ಥಾನ ಕದಲಲಿಲ್ಲ.

ಬರೆದ ವಿಧಿ, ಕಟ್ಟಿದ ಮಾತು

ಯುರೋಪಿನ ಪುರಾಣಗಳಲ್ಲಿ ನೂಲು ಎಂದರೆ ಆಯುಷ್ಯ. ಗ್ರೀಕರ ಮೂವರು ವಿಧಿದೇವತೆಯರಲ್ಲಿ ಕ್ಲೋಥೋ ಬಾಳಿನ ಎಳೆಯನ್ನು ನೂಲುತ್ತಾಳೆ, ಲ್ಯಾಕೆಸಿಸ್ ಅಳೆಯುತ್ತಾಳೆ, ಅಟ್ರೊಪೊಸ್ ಕತ್ತರಿಸುತ್ತಾಳೆ. ಕದಿರಿನ ಮೊನೆ ಚುಚ್ಚಿ ನೂರು ವರ್ಷ ಮಲಗಿದ ರಾಜಕುಮಾರಿಯ ಕಥೆಯೂ ಅದೇ ನಂಬಿಕೆಯ ಕುಡಿ. ರೋಮಿನ ಲೇಖಕ ಪ್ಲಿನಿ, ಇಟಲಿಯ ಹಲವು ಹೊಲಮನೆಗಳಲ್ಲಿ ಹೆಂಗಸರು ದಾರಿಯಲ್ಲಿ ಕದಿರು ತಿರುಗಿಸುತ್ತ ನಡೆಯುವುದಕ್ಕೆ ನಿಷೇಧವಿತ್ತು, ಅದರಿಂದ ಬೆಳೆ ಕೆಡುತ್ತದೆಂದು ಜನ ಅಂಜುತ್ತಿದ್ದರು ಎಂದು ಕ್ರಿಸ್ತಶಕ ಮೊದಲನೆಯ ಶತಮಾನದಲ್ಲೇ ದಾಖಲಿಸಿದ್ದಾನೆ.

ಕನ್ನಡದ ನೆಲದಲ್ಲಿ ವಿಧಿಯನ್ನು ಯಾರೂ ನೂಲುವುದಿಲ್ಲ. ಹೆರಿಗೆಯಾದ ಐದನೆಯ ಇಲ್ಲವೆ ಆರನೆಯ ರಾತ್ರಿ ಸಟವಿ ಎಂಬ ದೇವತೆ ಬಂದು ಕೂಸಿನ ಹಣೆಯ ಮೇಲೆ ಬರೆದು ಹೋಗುತ್ತಾಳೆ ಎಂಬುದು ಉತ್ತರ ಕರ್ನಾಟಕದ ನಂಬಿಕೆ. ಬರೆದದ್ದು ಅಳಿಯುವುದಿಲ್ಲ. ನೂಲಿನ ಕೆಲಸ ಶುರುವಾಗುವುದು ಅದರ ಮರುದಿನದಿಂದ, ಮನುಷ್ಯರ ಕೈಯಲ್ಲಿ. ಕೂಸಿನ ಕೈಗೆ, ನಡುವಿಗೆ, ಕೊರಳಿಗೆ ಕಟ್ಟುವ ದಾರದ ಮೂಲಕ ತಾಯಿ, ಅಜ್ಜಿ, ಮನೆದೇವರು, ಊರಿನ ದರ್ಗಾ ಎಲ್ಲರೂ ಆ ಜೀವವನ್ನು ಹಿಡಿದು ನಿಲ್ಲುತ್ತಾರೆ. ಹೀಗಾಗಿ ಈ ಸೀಮೆಯಲ್ಲಿ ನೂಲು ವಿಧಿಯ ಸಂಕೇತವಲ್ಲ, ಕೊಟ್ಟ ಮಾತಿನ ಸಂಕೇತ. ಕಟ್ಟಿದವರಿಗೂ ಕಟ್ಟಿಸಿಕೊಂಡವರಿಗೂ ನಡುವೆ ಒಂದು ಕರಾರು ಏರ್ಪಡುತ್ತದೆ, ಆ ಕರಾರಿಗೆ ಒಂದು ಅವಧಿಯೂ ಇರುತ್ತದೆ. ಇಲ್ಲಿನ ಆಚರಣೆಗಳಲ್ಲಿ ಕಟ್ಟುವ ಶಾಸ್ತ್ರದಷ್ಟೇ ಬಿಚ್ಚುವ ಶಾಸ್ತ್ರವೂ ಮುಖ್ಯವಾಗಿರುವುದು ಈ ಕಾರಣಕ್ಕೆ.

ಮಹಾಭಾರತದ ಆದಿಪರ್ವದಲ್ಲಿ ಉತ್ತಂಕ ನಾಗಲೋಕದಲ್ಲಿ ಕಾಣುವ ಮಗ್ಗವೂ ವಿಧಿಯ ಮಗ್ಗವೆನ್ನುವುದಕ್ಕಿಂತ ಕಾಲದ ಮಗ್ಗ. ಅಲ್ಲಿ ಇಬ್ಬರು ಹೆಂಗಸರು ಕಪ್ಪು ಬಿಳುಪಿನ ಎಳೆಗಳಿಂದ ನೇಯುತ್ತಿರುತ್ತಾರೆ, ಆರು ಹುಡುಗರು ಚಕ್ರ ತಿರುಗಿಸುತ್ತಿರುತ್ತಾರೆ. ಎಳೆಗಳು ಹಗಲು ರಾತ್ರಿಗಳು, ಹುಡುಗರು ಆರು ಋತುಗಳು ಎಂಬ ವಿವರಣೆ ಅಲ್ಲಿಯೇ ಇದೆ.

ಕಾರಹುಣ್ಣಿಮೆ: ಸುತ್ತುವ ನೂಲು, ಹರಿಯುವ ಕರಿ

ಜ್ಯೇಷ್ಠ ಮಾಸದ ಹುಣ್ಣಿಮೆ ಉತ್ತರ ಕರ್ನಾಟಕದ ರೈತರಿಗೆ ಕಾರಹುಣ್ಣಿಮೆ. ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಹೊಸ ಹಗ್ಗ, ಹೊಸ ಮೂಗುದಾಣ ಹಾಕುತ್ತಾರೆ. ಸಂಜೆಗೆ ಊರ ಅಗಸಿಯಲ್ಲಿ ಅಡ್ಡಲಾಗಿ ಒಂದು ಹಗ್ಗ ಕಟ್ಟುತ್ತಾರೆ. ಬೇವಿನ ತೊಪ್ಪಲು, ಕೊಬ್ಬರಿ ಬಟ್ಟಲು ಸಿಕ್ಕಿಸಿದ ಈ ಹಗ್ಗಕ್ಕೆ ಕರಿ ಎಂದು ಹೆಸರು. ಎತ್ತುಗಳನ್ನು ಓಡಿಸಿಕೊಂಡು ಬಂದಾಗ ಯಾವ ಎತ್ತು ಮೊದಲು ಕರಿ ಹರಿಯುತ್ತದೋ ಅದರ ಬಣ್ಣ ನೋಡಿ ವರ್ಷದ ಬೆಳೆ ಹೇಳುತ್ತಾರೆ. ಬಿಳಿ ಎತ್ತು ಹರಿದರೆ ಹಿಂಗಾರಿ ಚಲೋ, ಬಿಳಿಜೋಳ ಹುಲುಸು. ಕೆಂದೆತ್ತು ಹರಿದರೆ ಮುಂಗಾರಿಯದೇ ಮೇಲುಗೈ. ಬಿತ್ತನೆಯ ಹೊತ್ತಿಗೆ ಬರುವ ಈ ಹಬ್ಬದಲ್ಲಿ, ಮುಚ್ಚಿಕೊಂಡಿದ್ದ ವರ್ಷದ ಬಾಗಿಲನ್ನು ರೈತನ ಎತ್ತೇ ಒಡೆದು ತೆರೆಯುತ್ತದೆ.

ಅದೇ ದಿನ ಬೆಳಗ್ಗೆ ಇದೇ ಸೀಮೆಯ ಹಲವು ಊರುಗಳಲ್ಲಿ ಮುತ್ತೈದೆಯರು ವಟಸಾವಿತ್ರಿಯ ವ್ರತ ಹಿಡಿದು ಆಲದ ಮರಕ್ಕೆ ನೂಲು ಸುತ್ತುತ್ತಾರೆ. ಯಮನ ಬೆನ್ನುಹತ್ತಿ ಗಂಡನ ಪ್ರಾಣ ಬಿಡಿಸಿ ತಂದ ಸಾವಿತ್ರಿಯ ಕಥೆ ಈ ವ್ರತದ ಆಧಾರ. ಪ್ರದಕ್ಷಿಣೆ ಬರುತ್ತ ಹಸಿನೂಲನ್ನು ಬುಡಕ್ಕೆ ಸುತ್ತುತ್ತಾ ಹೋದ ಹಾಗೆ ಮರದ ಆಯುಷ್ಯ ಗಂಡನ ಆಯುಷ್ಯಕ್ಕೆ ತಗಲುತ್ತದೆ ಎಂದು ನಂಬುತ್ತಾರೆ. ಬೆಳಗ್ಗೆ ಹೆಂಗಸರ ಕೈಯಲ್ಲಿ ನೂಲು ಸುತ್ತಿಕೊಳ್ಳುತ್ತದೆ, ಸಂಜೆ ಎತ್ತಿನ ಓಟಕ್ಕೆ ಹಗ್ಗ ಹರಿಯುತ್ತದೆ. ಒಂದು ಮನೆಯ ಬಾಳನ್ನು ಭದ್ರ ಮಾಡುತ್ತದೆ, ಇನ್ನೊಂದು ಊರಿನ ಬೆಳೆಯನ್ನು ಬಿಡುಗಡೆ ಮಾಡುತ್ತದೆ. ಬಂಧನ ಮತ್ತು ಬಿಡುಗಡೆ ಎರಡನ್ನೂ ಒಂದೇ ಹುಣ್ಣಿಮೆಯಲ್ಲಿ ಇಟ್ಟುಕೊಂಡ ಈ ನಾಡಿನ ಪಂಚಾಂಗವನ್ನು ಜಾನಪದದ ಅಭ್ಯಾಸಿಗಳು ಒಟ್ಟಾಗಿ ನೋಡಬೇಕು. ಕಾರಹುಣ್ಣಿಮೆಯನ್ನು ಕೃಷಿಯ ಹಬ್ಬವೆಂದೂ ವಟಸಾವಿತ್ರಿಯನ್ನು ಹೆಂಗಸರ ವ್ರತವೆಂದೂ ಬೇರೆ ಬೇರೆ ಪುಟಗಳಲ್ಲಿ ಬರೆದಿಟ್ಟರೆ ಈ ಜೋಡಿ ಕಣ್ಣಿಗೆ ಬೀಳುವುದಿಲ್ಲ.

ಹರಿಯುವ ಪವಾಡದ ಇನ್ನೊಂದು ರೂಪ ತುಂಗಭದ್ರೆಯ ಆಚೆ ದಡದ ಮೈಲಾರದಲ್ಲಿದೆ. ಹೂವಿನಹಡಗಲಿ ತಾಲ್ಲೂಕಿನ ಈ ಕ್ಷೇತ್ರದಲ್ಲಿ ಮೈಲಾರಲಿಂಗನ ಭಕ್ತರು ಕಬ್ಬಿಣದ ಸರಪಳಿ ಹರಿಯುವ ಪವಾಡ ಮಾಡುತ್ತಾರೆ.

ಶ್ರಾವಣದ ಹುಣ್ಣಿಮೆಗೆ ನೂಲಹುಣ್ಣಿಮೆ ಎಂದೇ ಹೆಸರು. ಜನಿವಾರ ಹಾಕುವ ಸಮುದಾಯಗಳು ಅಂದು ಹಳೆಯದನ್ನು ತೆಗೆದು ಹೊಸದನ್ನು ಧರಿಸುತ್ತವೆ. ಅದಕ್ಕೂ ಮೊದಲು ಪಂಚಮಿಯಲ್ಲಿ ನಾಗಪ್ಪನಿಗೆ ಹಾಲೆರೆಯುವಾಗ ಅರಿಷಿಣ ಹಚ್ಚಿದ ಹಂಗನೂಲು ಏರಿಸುವುದು ಹಳ್ಳಿಗಳ ರೂಢಿ.

ಮದುವೆಯ ನೂಲು

ನೂಲಿನ ಶಕ್ತಿ ಅತಿ ವಿಸ್ತಾರವಾಗಿ ಕಾಣುವುದು ಮದುವೆಯಲ್ಲಿ. ಈ ಭಾಗದ ಮದುವೆಯಲ್ಲಿ ತಾಳಿಗಿಂತ ಮೊದಲು ಬರುವುದು ಸುರಗಿ. ನೆಲವನ್ನು ಸಾರಿಸಿ ನಾಲ್ಕು ಮೂಲೆಗೆ ನೀರು ತುಂಬಿದ ತಂಬಿಗೆ ಇಟ್ಟು, ಅವುಗಳ ಕೊರಳಿಗೆ ಹಸಿನೂಲನ್ನು ಸುತ್ತುತ್ತ ಬರುತ್ತಾರೆ. ನೂಲಿನ ಆ ಚೌಕದೊಳಗೆ ಮದುಮಕ್ಕಳನ್ನು ಕೂರಿಸಿ ಅರಿಷಿಣ ಎಣ್ಣೆ ಹಚ್ಚಿ ನೀರೆರೆಯುತ್ತಾರೆ. ಗೋಡೆಯಿಲ್ಲದ, ಬಾಗಿಲಿಲ್ಲದ ಈ ಕೋಣೆಯೊಳಗೆ ದೃಷ್ಟಿ, ಗಾಳಿ, ಕೆಟ್ಟ ಕಣ್ಣು ಬರಲಾರದು ಎಂಬುದು ನಂಬಿಕೆ. ಸುರಗಿಗೆ ಸುತ್ತಿದ ನೂಲನ್ನು ಬಿಸಾಡುವುದಿಲ್ಲ. ಅದನ್ನೇ ತೆಗೆದು ಹುರಿಮಾಡಿ, ಅರಿಷಿಣದ ಕೊಂಬು ಕಟ್ಟಿ, ಮದುಮಕ್ಕಳ ಮುಂಗೈಗೆ ಕಂಕಣ ಮಾಡುತ್ತಾರೆ. ಸುತ್ತಲಿದ್ದ ಕೋಟೆ ಈಗ ಮುಂಗೈಯ ಮೇಲೆ ಬಂದು ಕೂರುತ್ತದೆ.

ಕಂಕಣ ಕಟ್ಟಿದ ಮೇಲೆ ಊರ ಸೀಮೆ ದಾಟಬಾರದು, ಸಾವಿನ ಮನೆಗೆ ಹೋಗಬಾರದು. ಶಾಸ್ತ್ರವೆಲ್ಲ ಮುಗಿದ ಮೇಲೆ ಗಂಡು ಹೆಣ್ಣಿನ ಕಂಕಣವನ್ನೂ ಹೆಣ್ಣು ಗಂಡಿನ ಕಂಕಣವನ್ನೂ ಬಿಚ್ಚುತ್ತಾರೆ. ಸುತ್ತ ನಿಂತವರ ನಗೆಚಾಟಿಕೆಯ ನಡುವೆ ನಡೆಯುವ ಈ ಆಟದಲ್ಲಿ, ಗಂಟು ಬಿಡಿಸಲು ಒಬ್ಬರಿಗೊಬ್ಬರು ಬೇಕು ಎಂಬ ಪಾಠವನ್ನು ಹೊಸ ದಂಪತಿಗೆ ಹಿರಿಯರು ಕೈಯಲ್ಲೇ ಕಲಿಸುತ್ತಾರೆ. ತಾಳಿಯ ಮೂರು ಗಂಟು ಮಾತ್ರ ಬಿಚ್ಚುವುದಕ್ಕಾಗಿ ಹಾಕಿದ್ದಲ್ಲ. ಅದು ಬ್ರಹ್ಮಗಂಟು. ಸೆರಗಿಗೂ ಶಲ್ಯಕ್ಕೂ ಹಾಕಿದ ಗಂಟು ಮನೆ ತುಂಬಿಸಿಕೊಳ್ಳುವವರೆಗೆ ಇರುತ್ತದೆ.

ಕಂಕಣದ ನೂಲು ಯಾವುದು ಎಂಬುದರ ಮೇಲೆಯೇ ಒಂದು ಸಮುದಾಯ ಎರಡು ಪಂಗಡವಾಗಿರುವುದು ಲೋಕದ ಜಾನಪದದಲ್ಲಿ ಅಪರೂಪದ ಸಂಗತಿ. ಕುರುಬರಲ್ಲಿ ಹತ್ತಿಕಂಕಣದವರು, ಉಣ್ಣೆಕಂಕಣದವರು ಎಂಬ ಎರಡು ಒಳಪಂಗಡಗಳಿವೆ. ಮೊದಲನೆಯವರು ಮದುವೆಯಲ್ಲಿ ಹತ್ತಿಯ ನೂಲಿನ ಕಂಕಣ ಕಟ್ಟಿದರೆ ಎರಡನೆಯವರದು ಕುರಿಯ ಉಣ್ಣೆಯ ಕಂಕಣ. ಸಾಂಪ್ರದಾಯಿಕವಾಗಿ ಇವರ ನಡುವೆ ಹೆಣ್ಣು ಕೊಟ್ಟು ತರುವ ರೂಢಿಯಿರಲಿಲ್ಲ. ಕುರುಬರ ಕುಲದೇವರು ಬೀರಪ್ಪನ ಪರಂಪರೆಯ ಮೂಲಪುರುಷ ಉಂಡಾಡಿ ಪದ್ಮಣ್ಣನಿಗೆ ಇಬ್ಬರು ಹೆಂಡಿರು, ಒಬ್ಬಳ ಮದುವೆಯಲ್ಲಿ ಹತ್ತಿ, ಇನ್ನೊಬ್ಬಳ ಮದುವೆಯಲ್ಲಿ ಉಣ್ಣೆ ಕಂಕಣವಾಯಿತು, ಅವರವರ ಮಕ್ಕಳು ಅದನ್ನೇ ಮುಂದುವರಿಸಿದರು ಎಂದು ಕುಲಪುರಾಣ ಹೇಳುತ್ತದೆ. ಹೊಲದ ಬೇಸಾಯ ಮತ್ತು ಅಡವಿಯ ಕುರಿಗಾಹಿತನ ಎಂಬ ಎರಡು ಬದುಕುಗಳ ನೆನಪನ್ನು ಮುಂಗೈಯ ಒಂದು ಎಳೆ ಹೀಗೆ ಹೊತ್ತು ತಂದಿದೆ. ಕರಿಕಂಬಳಿಯೂ ಇದೇ ಉಣ್ಣೆಯ ಮಹಿಮೆಯದು. ಪೂಜೆಯಲ್ಲಿ ದೇವರಿಗೆ ಕಂಬಳಿಯ ಗದ್ದಿಗೆ ಹಾಸುವುದು, ಮೈಲಾರಲಿಂಗನ ಭಕ್ತರಾದ ಗೊರವರು ಕಂಬಳಿ ಹೊದೆಯುವುದು ಅದು ಮೈಲಿಗೆಯಾಗದ ಬಟ್ಟೆ ಎಂಬ ನಂಬಿಕೆಯಿಂದ.

ಮೈಮೇಲಿನ ದಾರಗಳು

ಗಂಡುಮಕ್ಕಳ ನಡುವಿನ ಉಡದಾರ ಈ ಸೀಮೆಯ ಸರ್ವಸಾಮಾನ್ಯ ದಾರ. ಹುಲಿಗಿಯ ಹುಲಿಗೆಮ್ಮನ ಜಾತ್ರೆಯಲ್ಲಾಗಲಿ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯಲ್ಲಾಗಲಿ ಬಣ್ಣಬಣ್ಣದ ಉಡದಾರಗಳ ಗೊಂಚಲು ನೇತುಹಾಕದ ಅಂಗಡಿಸಾಲು ಇರಲಾರದು. ಕೂಸಿಗೆ ಕಟ್ಟಿದ್ದು ಹಳತಾದಂತೆ ಬದಲಾಗುತ್ತ ಸಾಯುವವರೆಗೂ ನಡುವಿನಲ್ಲಿರುತ್ತದೆ. ಶವಕ್ಕೆ ನೀರೆರೆಯುವಾಗ ಉಡದಾರ ಹರಿದು ತೆಗೆಯುವುದು ಹಲವು ಸಮುದಾಯಗಳ ರೂಢಿ. ಹೋಗುವ ಜೀವವನ್ನು ಯಾವ ಕಟ್ಟೂ ತಡೆಯಬಾರದು. ಹೆರಿಗೆ ಕಷ್ಟವಾದಾಗ ಮನೆಯೊಳಗಿನ ಗಂಟುಗಳನ್ನೆಲ್ಲ ಬಿಚ್ಚಿ, ಬೀಗಗಳನ್ನು ತೆರೆಯುವ ರೂಢಿಯನ್ನು ಮಾನವಶಾಸ್ತ್ರಜ್ಞ ಜೇಮ್ಸ್ ಫ್ರೇಜರ್ ಹಲವು ದೇಶಗಳಿಂದ ಸಂಗ್ರಹಿಸಿದ್ದಾನೆ. ಬರುವ ಜೀವಕ್ಕೂ ಹೋಗುವ ಜೀವಕ್ಕೂ ದಾರಿ ಬಿಡಿಸುವ ವಿಧಾನ ಒಂದೇ.

ಲಿಂಗಾಯತರಲ್ಲಿ ಇಷ್ಟಲಿಂಗವನ್ನು ಕೊರಳಿಗೆ ಕಟ್ಟುವ ದಾರಕ್ಕೆ ಶಿವದಾರ ಎನ್ನುತ್ತಾರೆ. ಗಂಡು ಹೆಣ್ಣೆಂಬ ಭೇದವಿಲ್ಲದೆ ಎಲ್ಲರಿಗೂ ಸಲ್ಲುವ ದಾರ ಇದು. ಕೆಲವರಿಗೆ ಮಾತ್ರ ಮೀಸಲಾಗಿದ್ದ ಜನಿವಾರದ ಪಕ್ಕದಲ್ಲಿಟ್ಟು ನೋಡಿದರೆ, ಒಂದು ದಾರದ ಮೂಲಕ ಸಮಾಜವನ್ನೇ ಹೊಸದಾಗಿ ಹೊಸೆಯಲು ಹೊರಟ ಹನ್ನೆರಡನೆಯ ಶತಮಾನದ ಶರಣರ ಧೈರ್ಯ ಕಾಣುತ್ತದೆ.

ವ್ರತದ ದಾರಗಳಲ್ಲಿ ಗಂಟಿನ ಸಂಖ್ಯೆಗೆ ಮಹತ್ವವಿದೆ. ಅನಂತ ಚತುರ್ದಶಿಯ ದಾರಕ್ಕೆ 14 ಗಂಟು. ಸ್ವರ್ಣಗೌರಿಯ ದಾರಕ್ಕೆ 16. ವರಮಹಾಲಕ್ಷ್ಮಿಯ ದಾರಕ್ಕೆ 9. ಅನಂತನ ದಾರದ ಕಥೆಯಲ್ಲಿ ಕೌಂಡಿನ್ಯ ಹೆಂಡತಿಯ ಕೈಯ ದಾರವನ್ನು ವಶೀಕರಣದ ದಾರವೆಂದು ಸಂಶಯಪಟ್ಟು ಬೆಂಕಿಗೆ ಹಾಕಿ ಸಿರಿಯನ್ನೆಲ್ಲ ಕಳೆದುಕೊಳ್ಳುತ್ತಾನೆ. ಪೂಜೆಯ ದಾರ ಮತ್ತು ಮಾಟದ ದಾರ ನೋಡಲು ಒಂದೇ ಎಂಬ ಅಂಜಿಕೆ ಪುರಾಣದ ಕಾಲದಲ್ಲೂ ಇತ್ತೆಂಬುದಕ್ಕೆ ಈ ಕಥೆಯೇ ಸಾಕ್ಷಿ. ಎಡದಂಡೆ ಕಾಲುವೆಯ ನೀರಿನ ಹಿಂದೆ ಆಂಧ್ರದಿಂದ ಬಂದು ಕಾರಟಗಿ, ಸಿದ್ದಾಪುರ, ಗಂಗಾವತಿಯ ಸುತ್ತ ಕ್ಯಾಂಪುಗಳಲ್ಲಿ ನೆಲೆಸಿದ ಕುಟುಂಬಗಳಲ್ಲಿಯೂ ಶ್ರಾವಣದ ವರಲಕ್ಷ್ಮಿ ವ್ರತದಲ್ಲಿ ಒಂಬತ್ತು ಗಂಟಿನ ತೋರಂ ಕಟ್ಟಿಕೊಳ್ಳುತ್ತಾರೆ.

ಮೊಹರಮ್ಮಿನ ಲಾಡಿಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ಕೊಪ್ಪಳ, ರಾಯಚೂರು ಸೀಮೆಯಲ್ಲಿ ಅಲಾಯಿ ಹಬ್ಬವೆಂದು ಕರೆಯುವ ಮೊಹರಮ್ ಎಲ್ಲ ಜಾತಿಗಳದು. ಕುಷ್ಟಗಿಗೆ ನೆರೆಯ ಮುದಗಲ್ಲಿನ ಮೊಹರಮ್ ನಾಡಿಗೇ ಹೆಸರಾಗಿದೆ, ಮುಸ್ಲಿಮರಿಲ್ಲದ ಹಳ್ಳಿಗಳಲ್ಲೂ ಅಲಾಯಿ ದೇವರು ಕೂರುತ್ತವೆ. ಮಕ್ಕಳಾಗಲೆಂದೋ ಬೇನೆ ವಾಸಿಯಾಗಲೆಂದೋ ಹರಕೆ ಹೊತ್ತವರು ಬಣ್ಣದ ನೂಲಿನ ಲಾಡಿ ಕೊರಳಿಗೆ ಹಾಕಿಕೊಂಡು ಫಕೀರರಾಗುತ್ತಾರೆ. ಲಾಡಿ ಕೊರಳಲ್ಲಿರುವಷ್ಟು ದಿನ ಆತ ಬೇರೆ ಜೀವಿ. ಮಡಿಯಿಂದ ಇರಬೇಕು, ಮನೆ ಮನೆಗೆ ಹೋಗಿ ಬೇಡಬೇಕು. ದೇವರು ಹೊಳೆಗೆ ಹೋದ ಮೇಲೆ ಲಾಡಿ ಇಳಿಯುತ್ತದೆ, ಆತ ಮತ್ತೆ ತನ್ನ ಜಾತಿ, ತನ್ನ ಹೊಲಕ್ಕೆ ಮರಳುತ್ತಾನೆ. ಒಂದು ಹಿಡಿ ನೂಲು ಕೆಲವು ದಿನದ ಮಟ್ಟಿಗೆ ಜಾತಿಯ ಗೆರೆಯನ್ನು ಹೀಗೆ ಅಳಿಸುತ್ತದೆ. ಈ ಸೀಮೆಯ ಎಲ್ಲ ದಾರಗಳಲ್ಲಿ ನಮಗೆ ಅತಿ ದೊಡ್ಡದಾಗಿ ಕಾಣುವುದು ಇದೇ.

ಕದಿರು ಮತ್ತು ಮಗ್ಗ

ನೂಲುವ ಕೆಲಸಕ್ಕೆ ಅಧ್ಯಾತ್ಮದ ಅರ್ಥ ಕೊಟ್ಟವಳು ಶರಣೆ ಕದಿರ ರೆಮ್ಮವ್ವೆ. ನೂಲುವುದೇ ಅವಳ ಕಾಯಕ. ಅವಳ ಹೆಸರಿನಲ್ಲಿ ಉಳಿದಿರುವ ಬೆರಳೆಣಿಕೆಯ ವಚನಗಳಲ್ಲೊಂದು ರಾಟೆಯ ಒಂದೊಂದು ಅಂಗವನ್ನೂ ಹೆಸರಿಸಿ, ಅಡಿಯ ಹಲಗೆ, ತೋರಣ, ನಿಂತ ಬೊಂಬೆಗಳಲ್ಲಿ ತ್ರಿಮೂರ್ತಿಗಳನ್ನು ಕಾಣುತ್ತದೆ, ಅರಿವನ್ನು ಕದಿರಾಗಿಸಿ ಭಕ್ತಿಯನ್ನು ತಿರುಗಿಸುವ ಕೈಯಾಗಿಸುತ್ತದೆ. ಕದಿರೆಂದರೆ ಮಾಟಗಾತಿಯ ಆಯುಧವೆಂದು ಯುರೋಪಿನ ಕಥೆಗಳು ಅಂಜಿಸುತ್ತಿರುವಾಗ, ಒಬ್ಬ ಕನ್ನಡದ ಹೆಣ್ಣುಮಗಳು ಅದನ್ನು ಅರಿವಿನ ಉಪಕರಣ ಮಾಡಿದಳು. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ನೇಕಾರರ ಕುಲಪುರಾಣಗಳಲ್ಲಿ ಮೊದಲ ನೂಲು ಬರುವುದು ತಾವರೆಯಿಂದ. ದೇವಾಂಗರ ಮೂಲಪುರುಷ ದೇವಲ, ವಿಷ್ಣುವಿನ ನಾಭಿಕಮಲದ ದಂಟಿನಿಂದ ನೂಲು ತಂದು ದೇವತೆಗಳಿಗೆ ಬಟ್ಟೆ ನೇಯ್ದ. ದಾರಿಯಲ್ಲಿ ರಾಕ್ಷಸರು ಅಡ್ಡಗಟ್ಟಿದಾಗ ಚೌಡೇಶ್ವರಿ ಅವರನ್ನು ಕೊಂದಳು, ಅವರ ನೆತ್ತರಿನಿಂದ ನೂಲಿಗೆ ಬಣ್ಣಗಳಾದವು. ಪದ್ಮಶಾಲಿಗಳ ಭಾವನಾಋಷಿ ನೇಯ್ದದ್ದೂ ತಾವರೆಯ ನೂಲಿನಲ್ಲಿಯೇ.

ಇಳಕಲ್ ಸೀರೆಯ ಮಗ್ಗದಲ್ಲಿ ಗಂಟಿಗೆ ಬೇರೆಯೇ ಕೆಲಸ. ಸೀರೆಯ ಮೈಗೆ ಒಂದು ಹಾಸು, ಸೆರಗಿಗೆ ರೇಷ್ಮೆಯ ಇನ್ನೊಂದು ಹಾಸು. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಸೆರಗಿನ ಹಾಸು ಬೇರೆಯಾದ್ದರಿಂದ ಒಂದೊಂದು ಸೀರೆಗೂ ಈ ಕೂಡಿಕೆ ಹೊಸದಾಗಿಯೇ ಆಗಬೇಕು. ಅದೇ ಸೀರೆಯ ಮೇಲೆ ಹಾಕುವ ಕಸೂತಿಯಲ್ಲಿ ಮಾತ್ರ ಗಂಟು ಬರಲೇಬಾರದು. ಗವಂತಿ, ಮುರಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಎಳೆ ಎಣಿಸಿ ಹಾಕುತ್ತ ಹೋಗಿ, ಹೊರಟಲ್ಲಿಗೇ ದಾರ ಮರಳಿ ಬರುತ್ತದೆ. ಇದರಲ್ಲಿ ಮಾಂತ್ರಿಕ ಕಾರಣ ಹುಡುಕುವುದು ಅತಿಯಾಗುತ್ತದೆ. ಗವಂತಿ, ಮುರಗಿಗಳಲ್ಲಿ ಬಟ್ಟೆಯ ಎರಡೂ ಬದಿ ಒಂದೇ ತೆರನಾಗಿ ಕಾಣಬೇಕೆಂಬ ಕುಶಲಿಗಳ ಹಟವೇ ಕಾರಣ.

ಮನೆಗಳಲ್ಲಿ ರಾಟಿ, ಹಂಜಿಗಳು ಮರೆಯಾಗಿ ಬಹಳ ಕಾಲವಾಯಿತು. ಬೆರಳಿನ ನೂಲುವಿಕೆ ಮಾತ್ರ ದೇವರ ಮುಂದೆ ಉಳಿದಿದೆ. ಅಜ್ಜಿಯರು ಹತ್ತಿ ಬಿಡಿಸಿ, ಬೀಜ ತೆಗೆದು, ಬೆರಳಿನಲ್ಲೇ ಎಳೆ ತೆಗೆದು ಗೆಜ್ಜೆವಸ್ತ್ರ ಮಾಡುತ್ತಾರೆ, ಬತ್ತಿ ಹೊಸೆಯುತ್ತಾರೆ. ಲಕ್ಷಬತ್ತಿಯ ವ್ರತ ಹಿಡಿದವರಿಗೆ ಹೊಸೆಯುವುದೇ ಜಪ.

ಮಾಟದ ಗಂಟು, ಮುತ್ತಿನ ದಾರ

ಕಟ್ಟಿ ಕಾಯುವ ಶಕ್ತಿ ಇದೆ ಎಂದ ಮೇಲೆ ಕಟ್ಟಿ ಕೆಡಿಸುವ ಶಕ್ತಿಯೂ ಇರಬೇಕೆಂದು ಜನ ಎಣಿಸಿದರು. ಬಾಯಿ ಕಟ್ಟುವುದು, ಹೊಟ್ಟೆ ಕಟ್ಟುವುದು, ದಿಗ್ಬಂಧನ ಹಾಕುವುದು ಇವೆಲ್ಲ ಮಾಟದ ಪರಿಭಾಷೆ. ಗಂಟಿನ ಮೇಲೆ ಊದಿ ಮಾಡುವ ಕೇಡಿನಿಂದ ದೇವರ ಆಶ್ರಯ ಬೇಡುವ ಮಾತು ಕುರ್‌ಆನ್‌ನ 113ನೆಯ ಅಧ್ಯಾಯದಲ್ಲಿದೆ. ಇದಕ್ಕೆ ಎದುರಾಗಿ ಕಪ್ಪುದಾರ, ತಾಯಿತ, ಅಂತ್ರ, ಮಂತ್ರಿಸಿದ ದಾರ. ಹೆದರಿ ಬೆಚ್ಚುವ ಕೂಸಿಗೆ ದಾರ ಕಟ್ಟಿಸಿದಾಗ ತಾಯಿಯ ಮನಸ್ಸಿಗೆ ಸಮಾಧಾನವಾಗುತ್ತದೆ. ಆ ಸಮಾಧಾನವನ್ನು ಹಗುರ ಮಾಡುವ ಹಕ್ಕು ಯಾರಿಗೂ ಇಲ್ಲ.

ಆದರೆ ಈ ಸೀಮೆಯ ಒಂದು ದಾರವನ್ನು ಸಮರ್ಥಿಸಲು ಸಾಧ್ಯವೇ ಇಲ್ಲ. ಎಲ್ಲಮ್ಮ, ಹುಲಿಗೆಮ್ಮ ಮೊದಲಾದ ದೇವತೆಯರ ಹೆಸರಿನಲ್ಲಿ ಬಡ ದಲಿತ ಕುಟುಂಬಗಳ ಹೆಣ್ಣುಮಕ್ಕಳಿಗೆ ಕೆಂಪು ಬಿಳಿ ಮಣಿಗಳ ಸರ ಕಟ್ಟಿ ದೇವದಾಸಿಯರನ್ನಾಗಿ ಬಿಡುತ್ತಿದ್ದರು. ಮುತ್ತು ಕಟ್ಟುವುದು ಎಂದರೆ ಇದು. ಉಳಿದ ಹಲವು ಕಟ್ಟುಗಳಿಗೆ ಬಿಚ್ಚುವ ದಿನವಿತ್ತು. ಕಂಕಣ ಇಳಿಯುತ್ತಿತ್ತು, ಲಾಡಿ ಇಳಿಯುತ್ತಿತ್ತು, ಅನಂತನ ದಾರ ವರ್ಷಕ್ಕೊಮ್ಮೆ ಬದಲಾಗುತ್ತಿತ್ತು. ಕೂಸಿನ ಒಪ್ಪಿಗೆ ಕೇಳದೆ ಕಟ್ಟಿದ ಮುತ್ತಿಗೆ ಬಿಚ್ಚುವ ಶಾಸ್ತ್ರವನ್ನು ಯಾರೂ ಇಡಲಿಲ್ಲ. 1982ರ ಕರ್ನಾಟಕ ದೇವದಾಸಿ ಸಮರ್ಪಣಾ ನಿಷೇಧ ಕಾಯ್ದೆ ಆ ಕೆಲಸ ಮಾಡಿತು. ಸಮರ್ಪಣೆಯನ್ನು ಅಪರಾಧವೆಂದು ಸಾರಿ, ಸಮರ್ಪಿತಳಾದ ಹೆಣ್ಣು ಮದುವೆಯಾದರೆ ಆ ಮದುವೆ ಊರ್ಜಿತವೆಂದು ಹೇಳಿತು.

ಕಾನೂನು ತಡೆದ ದಾರ ಇನ್ನೊಂದಿದೆ. 2017ರ ಕರ್ನಾಟಕದ ಅಮಾನವೀಯ ದುಷ್ಟ ಪದ್ಧತಿಗಳು ಮತ್ತು ವಾಮಾಚಾರ ತಡೆ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ. ನಾಯಿ, ಹಾವು, ಚೇಳು ಕಚ್ಚಿದವರಿಗೆ ವೈದ್ಯರ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು, ದಾರ ಕಟ್ಟುವುದು ಅದರ ಪ್ರಕಾರ ಅಪರಾಧ. ಸಿದ್ದಾಪುರ, ಕಾರಟಗಿ ಭಾಗದ ಗದ್ದೆಗಳಲ್ಲಿ ನಾಟಿ, ಕೊಯ್ಲಿನ ಕಾಲಕ್ಕೆ ಹಾವಿನ ಭಯ ನಿತ್ಯದ್ದು. ಹಾವಿನ ನಂಜಿಗೆ ಮದ್ದು ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಇಂಜೆಕ್ಷನ್ ಒಂದೇ. ಕಚ್ಚಿದ ಜಾಗದ ಮೇಲೆ ಹಗ್ಗವನ್ನು ಬಿಗಿದು ಕಟ್ಟಿದರೆ ರಕ್ತ ಓಡಾಟ ನಿಂತು ಕೈಕಾಲಿಗೇ ಅಪಾಯ. ಕಚ್ಚಿದ ಕೈಯನ್ನೋ ಕಾಲನ್ನೋ ಅಲುಗಾಡಿಸದೆ, ಯಾವ ಗಂಟನ್ನೂ ಹಾಕದೆ, ತಡಮಾಡದೆ ಹತ್ತಿರದ ಸರಕಾರಿ ಆಸ್ಪತ್ರೆಗೆ ಒಯ್ಯಬೇಕು.